ಗುಂಡಿನ ತೂತು ಹೊಲಿದವರು

ಹೋದ ಶನಿವಾರ ಟ್ಯೂಬ್ ರೈಲಿನಲ್ಲಿ ನನ್ನ ಪಕ್ಕ ಬಂದು ಕೂತವರ ಉಣ್ಣೆ ಕೋಟು ಮಳೆಗೆ ನೆನೆದಿತ್ತು. ಆ ಒದ್ದೆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಪಿನ್ನರ್‌ಗೆ ಹೋಗಬೇಕಾದವಳು ಹ್ಯಾರೋದಲ್ಲೇ ಇಳಿದುಬಿಟ್ಟೆ. ಆರು ವರ್ಷಗಳಿಂದ ಬೇಕೆಂದೇ ತಪ್ಪಿಸಿಕೊಂಡು ಓಡಾಡುತ್ತಿದ್ದ ಬೀದಿಯೊಂದು ಅಲ್ಲಿದೆ.

ಆ ಬೀದಿಯಲ್ಲಿ ಬಟ್ಟೆ ಹೊಲಿಯುವ ಬಾಯಮ್ಮ ಇದ್ದರು. ಮಂಗಳೂರಿನ ಕಡೆಯವರು. ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ, ಕುಂದಾಪುರದವಳಾದ ನಾನೂ ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಹರಿದ ಬಟ್ಟೆ ಅವರ ಮನೆಯಿಂದ ಹರಿದ ಹಾಗೆಯೇ ಹೊರಗೆ ಹೋದದ್ದಿಲ್ಲ. ಫಾಲ್ ಹಚ್ಚಲು ಕೊಟ್ಟ ಸೀರೆಯಲ್ಲಿ ಸಣ್ಣ ತೂತು ಕಂಡರೂ ಸಾಕು, ಹೇಳದೆ ಕೇಳದೆ ರಫೂ ಮಾಡಿಡುತ್ತಿದ್ದರು. "ಕಣ್ಣಿಗೆ ಕಂಡ ಮೇಲೆ ಬಿಡ್ಲಿಕ್ಕೆ ಆಗ್ತದಾ ಮಾರಾಯ್ತಿ?" ಎನ್ನುತ್ತಿದ್ದರು. ಆ ಗುಣ ಗೊತ್ತಿದ್ದೂ ನಾನು ಎಚ್ಚರ ತಪ್ಪಿದೆ...

ನಾನಾಗ ಯುರೋಪಿನ ಯುದ್ಧದ ಕಥೆಯ ಸಿನಿಮಾವೊಂದರ ಉಡುಪು ವಿಭಾಗದಲ್ಲಿ ಸಹಾಯಕಿ. ಸೇರಿ ತಿಂಗಳಾಗಿತ್ತು, ಕಾಯಂ ಆಗುವ ಆಸೆ ಬೆಟ್ಟದಷ್ಟಿತ್ತು. ಹೊಸ ಸಮವಸ್ತ್ರಗಳನ್ನು ಹಳತು ಮಾಡುವುದು ನಮ್ಮ ಕೆಲಸ. ಮರಳು ಕಾಗದದಲ್ಲಿ ತಿಕ್ಕಿ, ಚಹಾದ ನೀರಿನಲ್ಲಿ ಅದ್ದಿ, ಎದೆಯ ಬಳಿ ಗುಂಡಿನ ತೂತು ಕೊರೆದು ಬಣ್ಣದ ರಕ್ತ ಬಳಿಯುತ್ತಿದ್ದೆವು. ಕೈ ಸಾಲದಾದಾಗ ಬಾಯಮ್ಮನನ್ನು ನಾನೇ ಕರೆದೆ. ಚರ್ಚಿಗೆ ಉಡುವ ಸೀರೆಯುಟ್ಟು ಬಂದರು ಪುಣ್ಯಾತ್ಗಿತ್ತಿ! ಮೊದಲ ದಿನ ಮೂಲೆಯಲ್ಲಿ ಕೂತು ಪ್ಯಾಂಟುಗಳ ಅಂಚು ಮಡಚಿದ್ದಷ್ಟೇ. ನಾವು ತೂತು ಕೊರೆಯುವುದನ್ನು ಅವರು ನೋಡಿಯೇ ಇರಲಿಲ್ಲ.

ಅಂದು ಸಂಜೆ, ಮರುದಿನದ ದೃಶ್ಯದಲ್ಲಿ ಸಾಯುವ ಸೈನಿಕರ ಹನ್ನೊಂದು ಕೋಟುಗಳ ಸಡಿಲ ಬಟನ್‌ಗಳನ್ನು ಬಿಗಿ ಮಾಡಲೆಂದು ಅವರ ಕೈಗೆ ಚೀಲ ಕೊಟ್ಟೆ. "ಬಟನ್ ಮಾತ್ರ, ತೂತು ಮುಟ್ಟಬೇಡಿ" ಎನ್ನಬೇಕಿತ್ತು. ಮನೆಗೆ ಹೋಗುವ ಅವಸರದಲ್ಲಿ ಅದೊಂದನ್ನು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಕೋಟುಗಳು ಬಂದವು. ರಕ್ತವನ್ನೆಲ್ಲ ಒಗೆದಿದ್ದರು, ಉಣ್ಣೆ ಇನ್ನೂ ಆರಿರಲಿಲ್ಲ. ತೂತುಗಳು ಹುಡುಕಿದರೂ ಸಿಗದಂತೆ ಮುಚ್ಚಿದ್ದವು.

"ಸರೀ ಎದೆಯಲ್ಲೇ ತೂತು ಉಂಟಲ್ಲ, ಈ ಚಳಿಗೆ ಪಾಪ ಆ ಹುಡುಗರು ಹೇಗೆ ಹಾಕ್ಕೊಳ್ಳೂದು?" ಎಂದರು ಬಾಯಮ್ಮ, ಹೆಮ್ಮೆಯಿಂದ.

ಹೊರಗೆ ಕೆಸರಿನಲ್ಲಿ ಕ್ಯಾಮರಾ ಸಿದ್ಧವಾಗಿತ್ತು. ನಿರ್ದೇಶಕರು ಕೂಗಾಡುತ್ತಿದ್ದರು, ಸಾಯಬೇಕಾದವರು ಬನಿಯನ್ನಿನಲ್ಲಿ ನಡುಗುತ್ತ ನಿಂತಿದ್ದರು. ನಮ್ಮ ವಿಭಾಗದ ಮುಖ್ಯಸ್ಥೆ ಬಂದು, ಇದನ್ನು ಮಾಡಲು ಯಾರು ಹೇಳಿದ್ದು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ, "ನಾನು ಸರಿಯಾಗಿಯೇ ಹೇಳಿದ್ದೆ, ಅವರೇ ಕೇಳಿಸಿಕೊಳ್ಳಲಿಲ್ಲ" ಎಂದುಬಿಟ್ಟೆ. ಬಾಯಮ್ಮನಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಮುಖ್ಯಸ್ಥೆಗೆ "ಸಾರಿ" ಎಂದು ಕತ್ತರಿ ಎತ್ತಿಕೊಂಡರು. ಇಬ್ಬರೂ ಅಕ್ಕಪಕ್ಕ ಕೂತು ಹನ್ನೊಂದನ್ನೂ ಮತ್ತೆ ಹರಿದೆವು. ಮಧ್ಯಾಹ್ನ ಅವರನ್ನು ಮನೆಗೆ ಕಳಿಸಿದರು, ನಾಳೆಯಿಂದ ಬರುವುದು ಬೇಡವೆಂದು. ನನ್ನ ಕೆಲಸ ಕಾಯಂ ಆಯಿತು. ಅಲ್ಲಿಂದೀಚೆಗೆ ನನ್ನ ರವಿಕೆಗಳನ್ನು ಸ್ಟ್ಯಾನ್ಮೋರ್‌ನಲ್ಲಿ ಹೊಲಿಸುತ್ತಿದ್ದೇನೆ. ಎಷ್ಟೋ ಸಲ ಅವರ ನಂಬರು ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದ್ದೇನೆ... ನನ್ನ ಮೇಲೆ ನನಗೇ ಹೇಸಿಗೆ.

ಶನಿವಾರ ಬಾಗಿಲು ತೆರೆದದ್ದು ಅವರ ಮಗಳು. ಬಾಯಮ್ಮ ತೀರಿಹೋಗಿ ವರ್ಷವಾಯಿತಂತೆ. ಆ ಬೀದಿಯ ಸುದ್ದಿ ಬಂದರೇ ಮಾತು ಬದಲಿಸುತ್ತಿದ್ದವಳಿಗೆ ಯಾರು ತಾನೇ ಹೇಳಬೇಕಿತ್ತು? ನಾನು ಯಾರೆಂದು ತಿಳಿದದ್ದೇ ಅವಳ ಮುಖ ಅರಳಿತು. ಕನ್ನಡ ಅರ್ಥವಾದರೂ ಅವಳು ಆಡುವುದು ಇಂಗ್ಲಿಷೇ.

"ಮಮ್ಮಿಯನ್ನು ಸಿನಿಮಾ ಕೆಲಸಕ್ಕೆ ಕರೆದುಕೊಂಡು ಹೋದವರು ನೀವೇ ಅಲ್ಲವಾ? ಪಾಪ, ಬೆನ್ನುನೋವು ಅಂತ ಅವರೇ ಬಿಟ್ಟರು."

ಫೋನಿನಲ್ಲಿ ಆ ಸಿನಿಮಾ ಹಾಕಿ, ಹನ್ನೊಂದು ಜನ ಸತ್ತು ಬಿದ್ದಿರುವಲ್ಲಿ ನಿಲ್ಲಿಸಿ ನನ್ನ ಮುಂದೆ ಹಿಡಿದಳು. "ಮಕ್ಕಳಿಗೆ ತೋರಿಸಬೇಕು. ಇದರಲ್ಲಿ ಮಮ್ಮಿಯ ಹೊಲಿಗೆ ಯಾವುದು?"

ಯಾವುದೋ ಒಂದನ್ನು ತೋರಿಸಿ ಪಾರಾಗಬಹುದಿತ್ತು, ಬೆರಳು ಮೇಲೇಳಲಿಲ್ಲ. ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನೂ.

ಅವಳು ಬೈಯಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಇದನ್ನು ನೀವು ಮಮ್ಮಿಗೆ ಹೇಳಬೇಕಿತ್ತು" ಎಂದಳು.

ಹೇಳಬೇಕಿತ್ತು. ಐದು ವರ್ಷ ಅವರು ಇದೇ ಬಾಗಿಲಿನ ಹಿಂದೆ ಇದ್ದರು.