ಎರಡೇ ಕೂಗಿನ ಪೆಟ್ಟಿಗೆ

ಮದ್ದೂರು ಬಳಿಯ ಕೊಪ್ಪದ ನಮ್ಮ ಮನೆಯ ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನನ್ನ ಸೋದರತ್ತೆ ಏಳೆಂಟು ತಿಂಗಳು ಹೊಸ್ತಿಲು ದಾಟಿರಲಿಲ್ಲ. ಏಳೆಂಟೋ, ಹತ್ತೋ, ಈಚೆಗೆ ನನ್ನ ಲೆಕ್ಕಗಳನ್ನು ನಾನೇ ನಂಬುವುದಿಲ್ಲ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಮಳವಳ್ಳಿಯಲ್ಲಿರುವ ಅಕ್ಕನನ್ನು ನೋಡಬೇಕು, ಅದೂ ಬಸ್ಸಿನಲ್ಲೇ ಹೋಗಿ.

"ಕಾರು ಮಾಡಿಸ್ತೀನಿ ಅತ್ತೆ," ಅಂದೆ.

"ಕಾರಲ್ಲಿ ಬಂದಿಳುದ್ರೆ, ಕಾಯ್ಲೆಯೋಳ್ನ ಒತ್ಕಂಡು ಬಂದವ್ರೆ ಅಂತಾಳೆ ನಮ್ಮಕ್ಕ. ಅವಳ್ಗಿಂತ ನಾನು ಆರು ವರ್ಸ ಚಿಕ್ಕೋಳು ಕಣ್ಲಾ."

ಬಸ್ಸಿನ ಮೆಟ್ಟಿಲು ಎತ್ತರ. ಮಂಡ್ಯದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿಸ್ಟರನ್ನು ಅತ್ತೆ 'ಡಾಕ್ಟ್ರಮ್ಮ' ಅನ್ನುತ್ತಿದ್ದಳು. ಆ ಡಾಕ್ಟರಮ್ಮ ಷರತ್ತು ಹಾಕಿದರು: ದಿನಕ್ಕೆ ಎರಡು ಹೊತ್ತು, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಬೇಕು, ತಿಂಗಳು ಪೂರ್ತಿ ಹೀಗೆ ಮಾಡಿದರೆ ಬಸ್ಸು. ಜ್ಞಾಪಿಸುವುದಕ್ಕೆಂದು ಮಾತಾಡುವ ಒಂದು ಸಣ್ಣ ಪೆಟ್ಟಿಗೆಯನ್ನು ಟಿ.ವಿ. ಪಕ್ಕ ಇಟ್ಟು ಹೋದರು. "ಅಜ್ಜಿ, ವ್ಯಾಯಾಮದ ಸಮಯವಾಯಿತು, ಶುರು ಮಾಡೋಣವೇ?" ಅನ್ನುತ್ತದೆ. ಉತ್ತರ ಕೊಟ್ಟರೆ ಹತ್ತರವರೆಗೆ ಎಣಿಸುತ್ತದೆ. ಕೊಡದಿದ್ದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕರೆದು ಸುಮ್ಮನಾಗುತ್ತದೆ. ಮಾಡಿದ್ದು, ಬಿಟ್ಟದ್ದು ಎಲ್ಲ ಡಾಕ್ಟರಮ್ಮನ ಫೋನಿಗೆ ಹೋಗುತ್ತದೆ.

ನನಗೆ ಇಂಥವುಗಳಲ್ಲಿ ನಂಬಿಕೆಯಿಲ್ಲ. ಪಕ್ಕದಲ್ಲಿರುವ ಮನುಷ್ಯನ ಮಾತು ಕೇಳದವಳು ಡಬ್ಬಿಯ ಮಾತು ಕೇಳುತ್ತಾಳೆಯೇ? ನಾನೋ ಒಂದು ಕಡೆ ಕೂರುವ ಆಸಾಮಿಯಲ್ಲ. ಅದು ಕೂಗುವ ಹೊತ್ತಿಗೆ ಜಗಲಿಗೂ ಗೇಟಿಗೂ ಓಡಾಡುತ್ತಿದ್ದೆ. ಆದರೂ ಒಳಗೆ ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟುವುದು ದಿನಾ ಕೇಳುತ್ತಿತ್ತು. ಕಿಟಕಿಯಲ್ಲಿ ಅತ್ತೆಯ ಬಿಳಿ ತಲೆ ಮೇಲೆದ್ದು ಮುಳುಗುವುದು ಕಾಣುತ್ತಿತ್ತು.

ತಿಂಗಳಾದ ಮೇಲೆ ಡಾಕ್ಟರಮ್ಮ ಬಂದು ಫೋನು ತೋರಿಸಿದರು. ಮೇಲಿಂದ ಕೆಳಗಿನವರೆಗೂ ಬರೀ ತಪ್ಪು ಗುರುತು.

"ಒಂದು ದಿನಾನೂ ಮಾಡಿಲ್ವಲ್ಲ ಸಾರ್. ಬಸ್ಸು ಬೇಡ, ಬಿದ್ದುಬಿಡ್ತಾರೆ."

ಕಂಡದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ. ಹಿಂದಿನ ವಾರವಷ್ಟೇ ಗ್ಯಾಸ್ ಆರಿಸಿದ್ದೇನೆಂದು ವಾದ ಮಾಡಿ ಹಾಲು ಸೀಯಿಸಿದ್ದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾ, ದಾಖಲೆಯಿಲ್ಲದ ನೆನಪನ್ನು ನೆಚ್ಚಬೇಡಿ ಎಂದು ವರ್ಷಗಟ್ಟಲೆ ಹೇಳಿದ ನನ್ನ ಮುಂದೆ ಈಗ ದಾಖಲೆಯೇ ಇತ್ತು. ಕಿಟಕಿಯಲ್ಲಿ ಕಂಡದ್ದು ಅವಳು ಬೀಳುವ ಮುಂಚಿನ ಯಾವುದೋ ದಿನದ್ದಿರಬೇಕು ಅಂದುಕೊಂಡೆ.

"ಏನಂತೆ?" ಅಂದಳು ಅತ್ತೆ.

"ನೀನು ವ್ಯಾಯಾಮ ಮಾಡಿಲ್ವಂತೆ."

"ಯಾರಂದೋರು?"

"ಪೆಟ್ಟಿಗೆ."

"ಅದುಕ್ಕೇನು ಕಣ್ಣವಾ? ನಿನಗವೆ. ನೀನೇನ್ಲಾ ನೋಡ್ತಿದ್ದೆ ದಿನಾ, ಗೇಟು ಕಾಯ್ಕಂಡು?"

ಅಂದವಳೇ ಎದೆಯ ಮೇಲೆ ಕೈಕಟ್ಟಿ ಎದ್ದಳು. ಕೂತಳು. ಎದ್ದಳು. ಡಾಕ್ಟರಮ್ಮ ಎಣಿಸಿದರು. ಹತ್ತಾದರೂ ಅತ್ತೆ ನಿಲ್ಲಿಸಲಿಲ್ಲ. ಹನ್ನೆರಡಕ್ಕೆ ನಾವೇ ಸಾಕು ಅಂದೆವು.

"ಮತ್ತೆ ಇದು ಕರೆದಾಗ ಯಾಕಜ್ಜಿ ಮಾತಾಡಲಿಲ್ಲ?"

"ಮೊಕ ಇಲ್ದೋದು ಕೂಗುದ್ರೆ ಮೂರ್ನೇ ಕೂಗಿಗೇ ಓ ಅನ್ಬೇಕು ಕಣವ್ವ. ಒಂದ್ಕೆ ಎರಡ್ಕೆ ಓ ಅಂದ್ರೆ ಅದರ ಇಂದೇನೆ ಓಯ್ತೀವಿ ಅಂತಿದ್ಲು ನಮ್ಮವ್ವ. ನಿಮ್ಮ ಡಬ್ಬಿ ಎರಡು ಸಲ ಕೂಗಿ ಬಾಯಿ ಮುಚ್ಕತಿತ್ತು. ಬುಡು ಅತ್ಲಾಗೆ ಅಂತ ನಾನೇ ಎಣಿಸ್ಕಂಡು ಮಾಡ್ತಿದ್ದೆ."

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದ ಕಾಲದವಳು ಅವಳು. ದೆವ್ವ ಗುರುತಿನವರ ದನಿಯಲ್ಲಿ ಕೂಗುತ್ತದೆ, ಆದರೆ ಮೂರನೆಯ ಸಲ ಕೂಗಲಾರದು ಎಂಬುದನ್ನು ನಾನೂ ಕೇಳಿಯೇ ಬೆಳೆದದ್ದು. ನಕ್ಕುಬಿಟ್ಟೆ.

"ನಗು ನಗು, ಓದಿರೋನು," ಅಂದಳು.

ಡಾಕ್ಟರಮ್ಮ ನಗಲಿಲ್ಲ. ಫೋನಿನಲ್ಲಿ ಏನೋ ಒತ್ತಿ ಪೆಟ್ಟಿಗೆ ಮೂರು ಸಲ ಕರೆಯುವಂತೆ ಮಾಡಿದರು. ಲೆಕ್ಕ ಫೋನಿಗೂ ಬರಲಿ, ಬಸ್ಸಿಗೆ ಇನ್ನೊಂದು ತಿಂಗಳು ತಡೆಯಿರಿ ಅಂದರು. ಅಂದು ಸಂಜೆಯಿಂದಲೇ ಅತ್ತೆ ಮೂರನೆಯ ಕೂಗಿಗೆ "ಓ, ಬಂದೆ ತಡಿ" ಅನ್ನತೊಡಗಿದಳು. ಅದು ಬೇಗ ಎಣಿಸಿದರೆ "ನಿಧಾನಕ್ಕೆ ಎಣ್ಸು, ನಿನಗೇನು ಮಂಡಿ ನೋವಾ?" ಎಂದು ಬೈಯುತ್ತಿದ್ದಳು. ಒಬ್ಬಳೇ ಮಾಡುವಾಗ ಇಷ್ಟು ಹುರುಪಿರಲಿಲ್ಲ. ಬೈಯುವುದಕ್ಕೆ ಒಬ್ಬರು ಬೇಕಿತ್ತೇನೋ. ಪೆಟ್ಟಿಗೆಯ ಮೇಲಿನ ನನ್ನ ಅನುಮಾನ ಅಷ್ಟರ ಮಟ್ಟಿಗೆ ಸೋತಿತು.

ಮುಂದಿನ ತಿಂಗಳು ಹೊರಟೆವು. ಕೊಪ್ಪದಲ್ಲೊಮ್ಮೆ ಹತ್ತಿದಳು, ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಇನ್ನೊಮ್ಮೆ. ಮಳವಳ್ಳಿಯ ಸ್ಟ್ಯಾಂಡಿನಲ್ಲಿ ದೊಡ್ಡತ್ತೆ ಆಟೋದಲ್ಲಿ ಕೂತು ಕಾಯುತ್ತಿದ್ದಳು. ನಮ್ಮತ್ತೆ ಬಸ್ಸಿಳಿದು, ಸೆರಗು ಸರಿಮಾಡಿಕೊಂಡು, ಆಟೋದ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಆಟೋದಲ್ಲಿ ಬಂದ್ಯಾ ಅಕ್ಕ? ಯಾಕೆ, ನಡೆಯಕ್ಕಾಗಕಿಲ್ವಾ?"

ಆ ದಿನ ಅವಳು ಯಾರ ಕೈಯನ್ನೂ ಹಿಡಿಯದೆ ಬಸ್ಸಿಳಿದಳೆಂದು ನನ್ನ ನೆನಪು. "ನಿನ್ನ ಅಂಗಿ ತೋಳು ಬಿಗಿಯಾಗಿ ಹಿಡ್ಕಂಡಿದ್ನಲ್ಲಾ" ಅನ್ನುತ್ತಾಳೆ ಅತ್ತೆ. ಇದಕ್ಕೆ ಯಾವ ಪೆಟ್ಟಿಗೆಯಲ್ಲೂ ದಾಖಲೆಯಿಲ್ಲ. ಅಕ್ಕನ ಮುಂದೆ ಮಾತು ಬಂದಾಗ ಮಾತ್ರ, ತನ್ನದಲ್ಲ, ನನ್ನ ನೆನಪೇ ಸರಿ ಅನ್ನುತ್ತಾಳೆ.