ಡಬ್ಬಿಯಲ್ಲಿ ಉಳಿದ ಕಾರ್ಡು

ಹೊಸಕೋಟೆಯಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಪಕ್ಕದ ಹಳ್ಳಿಯ ಅಪ್ಪಯ್ಯಣ್ಣನಿಗೆ ಕಿಟಕಿ ಪಕ್ಕದ ಸೀಟು ಕಾಯಂ. ಯಾರೂ ಬರೆದುಕೊಟ್ಟಿದ್ದಲ್ಲ. ವರ್ಷಗಟ್ಟಲೆ ಒಂದೇ ಬಸ್ಸಿಗೆ ಬರುವ ಮನುಷ್ಯ, ಮೇಲಾಗಿ ಯಾರ ಗೊಡವೆಗೂ ಹೋಗದವನು ಎಂದು ಜನ ತಾವಾಗಿಯೇ ಬಿಟ್ಟುಕೊಟ್ಟಿದ್ದರು. ಹಳೇ ಮದರಾಸು ರಸ್ತೆಯಲ್ಲಿ ಒಂದು ದೊಡ್ಡ ಕಾರ್ಖಾನೆಯ ಗೇಟಿನ ಮುಂದೆ ಅವನು ಇಳಿಯುತ್ತಿದ್ದ. ಒಳಗೆ ಅವನು ಏನು ಮಾಡುತ್ತಾನೆ ಎಂಬುದು ಮಾತ್ರ ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

"ಕಾರ್ಡಿಗೆ ತೂತು ಹೊಡೆಯೋ ಕೆಲ್ಸ ಕಣ್ರಲಾ" ಎಂದು ಅವನ ತಮ್ಮ ಮುನಿವೆಂಕಟಪ್ಪ ಅರಳಿಕಟ್ಟೆಯ ಮೇಲೆ ಕೂತು ಎಲ್ಲರನ್ನೂ ನಗಿಸುತ್ತಿದ್ದ. "ನಾವು ತೂತು ಮಾಡಿದ್ರೆ ಬೈತಾರೆ, ನಮ್ಮಣ್ಣ ಮಾಡಿದ್ರೆ ಕರೆದು ಸಂಬ್ಳ ಕೊಡ್ತಾರೆ!"

ತಮ್ಮ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕಾರ್ಖಾನೆಯ ಒಬ್ಬೊಬ್ಬ ಕೆಲಸಗಾರನಿಗೂ ಒಂದೊಂದು ದಪ್ಪ ಕಾಗದದ ಕಾರ್ಡು. ಅವನು ಯಾವ ವಿಭಾಗ, ಯಾವ ಪಾಳಿ, ಎಷ್ಟು ರಜೆ, ಎಲ್ಲವೂ ಅದರಲ್ಲಿ ತೂತುಗಳಾಗಿ ಇರುತ್ತಿತ್ತು. ಆ ಕಾರ್ಡುಗಳ ಕಟ್ಟನ್ನು ಯಂತ್ರದ ಬಾಯಿಗೆ ಕೊಟ್ಟರೆ, ಜರಡಿ ಹಿಡಿದ ಹಾಗೆ ಅದು ಬೇಕಾದವರನ್ನು ಬೇರೆ ಬೇಡದವರನ್ನು ಬೇರೆ ಮಾಡಿ ಕೊಡುತ್ತಿತ್ತು. ಸದ್ದಿಗೆ ಕಿವಿ ಗಡಚಿಕ್ಕಿದರೂ ಅಪ್ಪಯ್ಯಣ್ಣನಿಗೆ ಆ ಯಂತ್ರದ ಮೇಲೆ ಎಂಥದೋ ಪ್ರೀತಿ. ಮನುಷ್ಯರಿಗಿಂತ ಅದು ವಾಸಿ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ ಎಂದು ಹೆಂಡತಿ ಮುನಿತಾಯಮ್ಮನ ಹತ್ತಿರ ಹೇಳಿ ಬೈಸಿಕೊಂಡದ್ದೂ ಉಂಟು.

ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ತೀರಿಕೊಂಡವರ ಕಾರ್ಡನ್ನು ಸುದ್ದಿ ಬಂದ ದಿನವೇ ಕಟ್ಟಿನಿಂದ ತೆಗೆಯಬೇಕು. ಒಮ್ಮೆ ಯಾರೋ ಇದನ್ನು ಮರೆತು, ಸತ್ತು ಮಣ್ಣಾದವನ ಮನೆಗೆ 'ಕೆಲಸಕ್ಕೆ ಏಕೆ ಹಾಜರಾಗಿಲ್ಲ, ಕಾರಣ ಕೊಡಿ' ಎಂಬ ಕಾಗದ ಹೋಗಿತ್ತು. ಅವನ ಹೆಂಡತಿ ಆ ಕಾಗದ ಹಿಡಿದು ಗೇಟಿನ ಮುಂದೆ ಬಂದು ನಿಂತಿದ್ದಳು. ಎಂದೂ ದನಿ ಎತ್ತದ ಅಪ್ಪಯ್ಯಣ್ಣ ಅಂದು ಇಡೀ ವಿಭಾಗಕ್ಕೆ ಕೇಳುವ ಹಾಗೆ ಕೂಗಾಡಿದ್ದ. "ಒಂದು ಕಾರ್ಡು ತೆಗೆಯೋಕೆ ಏನ್ರೀ ಬಂದಿತ್ತು ನಿಮಗೆ? ಕೈ ಬಿದ್ದೋಗಿತ್ತಾ?"

ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಅವನು ಮುಂದೆ ಅದನ್ನು ಮರೆಯಬೇಕೆಂದರೂ ಮರೆಯಲಾಗಲಿಲ್ಲ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಪಕ್ಕದ ಮನೆಯ ನರಸಮ್ಮ ಹೆರಿಗೆಯಲ್ಲಿ ತೀರಿಕೊಂಡಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ಬೇಕೆಂದರು. ಜೊತೆಗೆ ಹೋಗಿದ್ದ ನೆಂಟರಲ್ಲಿ ಯಾರಿಗೂ ತನ್ನ ರಕ್ತ ಯಾವ ಗುಂಪಿನದು ಎಂದು ಗೊತ್ತಿರಲಿಲ್ಲ. ಸೂಜಿ ಕಂಡು ಹೆದರಿ, ಟೀ ಕುಡಿದು ಬರ್ತೀವಿ ಎಂದು ಹೋದವರು ತಿರುಗಿ ಬರಲೇ ಇಲ್ಲ. ಕಾರ್ಖಾನೆಯಿಂದ ಓಡಿಬಂದಿದ್ದ ಅಪ್ಪಯ್ಯಣ್ಣ ಕೈ ಚಾಚಿದ, ಅವನದು ಹೊಂದಲಿಲ್ಲ. ಹೊಂದುವ ರಕ್ತ ಊರಿನಲ್ಲಿ ಯಾರದೋ ಮೈಯಲ್ಲಿ ಹರಿಯುತ್ತಾ ಇತ್ತು. ಯಾರದು ಎಂದು ಹೇಳುವವರು ಇರಲಿಲ್ಲ, ಅಷ್ಟೆ. ಆ ಸಂಕಟ ಅವನನ್ನು ಬಿಡಲಿಲ್ಲ.

ಮೇಲಧಿಕಾರಿಯನ್ನು ಕೇಳಿ ಕಾರ್ಖಾನೆಯಲ್ಲಿ ಹಾಳಾದ ಕಾರ್ಡುಗಳನ್ನು ಮನೆಗೆ ತಂದ. ಬಸ್ ಕಂಡಕ್ಟರನ ಹತ್ತಿರ ಟಿಕೆಟ್ಟಿಗೆ ತೂತು ಹೊಡೆಯುವ ಇಕ್ಕಳ ಕಡ ಪಡೆದು, ಒಂದೊಂದು ಕಾರ್ಡಿನ ಅಂಚಿನಲ್ಲೂ ಒಂದೇ ಅಳತೆಗೆ ಸಾಲಾಗಿ ತೂತು ಮಾಡಿದ. ಒಬ್ಬೊಬ್ಬರಿಗೆ ಒಂದು ಕಾರ್ಡು, ಒಂದೊಂದು ರಕ್ತದ ಗುಂಪಿಗೆ ಒಂದು ತೂತು, ನೆಗೆಟಿವ್ ಆದರೆ ಅದಕ್ಕೆ ಇನ್ನೊಂದು. ಯಾರ ರಕ್ತ ಯಾವ ಗುಂಪೋ, ಅವರ ಕಾರ್ಡಿನಲ್ಲಿ ಆ ತೂತನ್ನು ಕತ್ತರಿಯಿಂದ ಅಂಚಿನವರೆಗೆ ಸೀಳಿಬಿಡುವುದು. ಬೇಕಾದಾಗ ಕಟ್ಟನ್ನು ಜೋಡಿಸಿ, ಆ ತೂತಿಗೆ ಸೈಕಲ್ ಚಕ್ರದ ಕಡ್ಡಿ ತೂರಿಸಿ ಎತ್ತಿ ಅಲುಗಿಸಿದರೆ, ಸೀಳಿದ ಕಾರ್ಡುಗಳು ಮಾತ್ರ ಕೆಳಕ್ಕೆ ಬೀಳುತ್ತವೆ. ಬಿದ್ದವರೇ ಬೇಕಾದವರು. ಯಂತ್ರವಿಲ್ಲ, ಕರೆಂಟಿಲ್ಲ. ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟ.

ಡಬ್ಬಿಯೇನೋ ಆಯಿತು, ರಕ್ತ ಪರೀಕ್ಷೆಗೆ ಜನ ಬೇಕಲ್ಲ? ಒಂದು ಭಾನುವಾರ ಕಾರ್ಖಾನೆಯ ಡಾಕ್ಟರನ್ನು ಕರೆತಂದು ಶಾಲೆಯ ಜಗುಲಿಯಲ್ಲಿ ಕೂರಿಸಿದರೆ, ಊರಿಗೆ ಊರೇ ದೂರ ನಿಂತು ನೋಡಿತು. ರಕ್ತ ಹೋದರೆ ನೇಗಿಲು ಹಿಡಿಯುವ ಶಕ್ತಿ ಹೋಗುತ್ತದೆ ಎಂದು ಗುಸುಗುಸು. ಆಗ ಮುಂದೆ ಬಂದವನು ಮುನಿವೆಂಕಟಪ್ಪ. ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೊಸಕೋಟೆಯ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದ ಗಟ್ಟಿ ಆಳು. ಹಾಲಿನ ಕೈಯಲ್ಲೇ ಬಂದು ತೋಳು ಚಾಚಿದ.

ಡಾಕ್ಟರು ಅವನ ರಕ್ತವನ್ನು ಎರಡೆರಡು ಸಲ ನೋಡಿದರು. ಓ ನೆಗೆಟಿವ್. ನೂರು ಜನರಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಇರುವುದು, ಅವಸರಕ್ಕೆ ಯಾರಿಗೆ ಬೇಕಾದರೂ ಕೊಡಬಹುದು, ಆದರೆ ಇವನಿಗೆ ಬೇಕಾದರೆ ಇದೇ ಆಗಬೇಕು ಎಂದರು. ಮುನಿವೆಂಕಟಪ್ಪನಿಗೆ ಮೊದಲ ಅರ್ಧವೇ ಸಾಕಾಯಿತು. "ಕೇಳಿದ್ಯೇನಣ್ಣ? ರಕ್ತದಲ್ಲೂ ನಾನು ಎಲ್ರಂಗಲ್ಲ!" ಎಂದು ಎದೆಯುಬ್ಬಿಸಿದ. ಅಣ್ಣ ಬರೆದ ಕಾರ್ಡನ್ನು ಕಿತ್ತುಕೊಂಡು ನೋಡಿ, ಅದರ ಮೇಲೆ ಹಾಲಿನ ಹೆಬ್ಬೆಟ್ಟಿನ ಕಲೆ ಮಾಡಿಟ್ಟ. ಅವನ ಹಿಂದೆ ಉಳಿದ ಗಂಡಸರೂ ಒಬ್ಬೊಬ್ಬರಾಗಿ ಬಂದರು. ಅವನ ಎದುರು ಹೆದರಿದವರು ಎನ್ನಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಡಬ್ಬಿಯ ಸುದ್ದಿ ದೇವನಹಳ್ಳಿ, ಸೂಲಿಬೆಲೆಯವರೆಗೂ ಹೋಯಿತು. ಗಾಬರಿಬಿದ್ದು ಬಂದವರನ್ನು ಅಪ್ಪಯ್ಯಣ್ಣ ಕೂರಿಸಿ, ಕಡ್ಡಿ ತೂರಿಸಿ ಎತ್ತುತ್ತಿದ್ದ. ಬಿದ್ದ ಹೆಸರಿನವರು ಉಳುತ್ತಿದ್ದರೆ ಎತ್ತು ಬಿಚ್ಚಿ ಬರುತ್ತಿದ್ದರು. ಎಷ್ಟೋ ಮನೆಯಲ್ಲಿ ದೀಪ ಉಳಿಯಿತು. ಮುನಿವೆಂಕಟಪ್ಪನಂತೂ ರಕ್ತ ಕೊಟ್ಟ ದಿನ ಹೋಟೆಲಿನಲ್ಲಿ ಜಾಮೂನು ತಿಂದು, ಹೆಂಡತಿ ಸೊಣ್ಣಮ್ಮನಿಗೂ ಕಟ್ಟಿಸಿಕೊಂಡು ಬರುತ್ತಿದ್ದ.

ಎಪ್ಪತ್ನಾಲ್ಕರ ಒಂದು ಬೆಳಿಗ್ಗೆ ಹಾಲು ಹಾಕಿ ಬರುತ್ತಿದ್ದ ಅವನಿಗೆ ಲಾರಿ ಬಡಿಯಿತು. ಕಾರ್ಖಾನೆಗೆ ಸುದ್ದಿ ಬಂದು ಅಪ್ಪಯ್ಯಣ್ಣ ಬೆಂಗಳೂರಿನ ಆಸ್ಪತ್ರೆಗೆ ಓಡುವಷ್ಟರಲ್ಲಿ, ಅಲ್ಲಿದ್ದ ಒಂದೇ ಒಂದು ಬಾಟಲಿ ಆಗಲೇ ಹೊಂದಿಸಿ ಕೊಟ್ಟಾಗಿತ್ತು. ಇನ್ನೂ ಬೇಕು, ಓ ನೆಗೆಟಿವ್, ಎಲ್ಲಿಂದಾದರೂ ತನ್ನಿ ಎಂದರು. ಹಾಸಿಗೆಯ ಮೇಲಿದ್ದ ತಮ್ಮ ಕಣ್ಣು ಬಿಟ್ಟ. "ಅಣ್ಣ, ಡಬ್ಬಿ ಐತಲ್ಲ, ಕಡ್ಡಿ ಆಡ್ಸು" ಎಂದ. ಆಗಲೂ ನಗಲು ನೋಡಿದ.

ಡಬ್ಬಿಯಲ್ಲಿ ಯಾರಿದ್ದಾರೆ ಎಂಬುದು ಅಪ್ಪಯ್ಯಣ್ಣನಿಗೆ ಬಾಯಿಪಾಠ. ಆ ರಕ್ತದವರು ಇನ್ನೊಬ್ಬರಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಹೊರಟ. ತಾನೇ ಬರೆದು ಮರೆತ ಒಂದು ಹೆಸರಾದರೂ ಇರಬಾರದೇ ಎಂಬ ಆಸೆ. ತರಕಾರಿ ಇಳಿಸಿ ಖಾಲಿ ಹೋಗುತ್ತಿದ್ದ ಲಾರಿ ಹತ್ತಿ ಊರು ಸೇರಿದ.

ಮುನಿತಾಯಮ್ಮ, ಸೊಣ್ಣಮ್ಮ ನೋಡುತ್ತ ನಿಂತರು. ಓ ಗುಂಪಿನ ತೂತಿಗೆ ಕಡ್ಡಿ ತೂರಿಸಿ ಎತ್ತಿದ, ಒಂದು ಹಿಡಿ ಕಾರ್ಡು ಬಿತ್ತು. ಬಿದ್ದವನ್ನು ಜೋಡಿಸಿ ನೆಗೆಟಿವ್ ತೂತಿಗೆ ತೂರಿಸಿ ಎತ್ತಿದ. ಒಂದೇ ಒಂದು ಕಾರ್ಡು ಬಿತ್ತು. ಸೊಣ್ಣಮ್ಮನಿಗೆ ಓದು ಬಾರದು, ಆದರೆ ಹಾಲಿನ ಕಲೆ ಗುರುತು ಸಿಕ್ಕಿತು. ಅವಳು ಗೋಡೆ ಹಿಡಿದುಕೊಂಡಳು.

ಬರಿಗೈಯಲ್ಲಿ ಅವನು ಆಸ್ಪತ್ರೆಗೆ ಮರಳಿದಾಗ ತಮ್ಮನ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಅಣ್ಣ ಎಲ್ಲಿ ಎಂದು ಕೇಳುತ್ತಲೇ ಇದ್ದನಂತೆ. ಇಲ್ಲವೆಂದು ಗೊತ್ತಿದ್ದುದನ್ನು ಹುಡುಕಲು ಹೋಗಿ, ಕೊನೆಗಳಿಗೆಯಲ್ಲಿ ಕೈ ಹಿಡಿದು ಕೂರುವುದನ್ನೂ ಕಳೆದುಕೊಂಡಿದ್ದ ಅಪ್ಪಯ್ಯಣ್ಣ.

ತಿಥಿಯಾದ ಮೇಲೆ ಒಂದು ದಿನ ಸೊಣ್ಣಮ್ಮ ಬಂದಳು. ಗಂಡನ ಅಣ್ಣನೆದುರು ನಿಂತು ಮಾತಾಡಿದವಳಲ್ಲ. ಯಾವತ್ತಿನಂತೆ ಬಾಗಿಲ ಮರೆಯಿಂದಲೇ ಅಂದಳು.

"ಭಾವ, ರೇಷನ್ ಕಾರ್ಡಲ್ಲಿ ಅವ್ರ ಹೆಸ್ರು ಹೊಡೆದಾಕಿದ್ರು. ಓಟಿನ ಪಟ್ಟೀಲೂ ಹೊಡೀತಾರಂತೆ. ನಿಮ್ ಡಬ್ಬೀಲಿರೋದನ್ನ ತೆಗೀಬೇಡಿ. ಅದೊಂದ್ರಲ್ಲಾದ್ರೂ ಇರ್ಲಿ."

ಅಪ್ಪಯ್ಯಣ್ಣ ನಿಯಮದ ಮಾತು ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಕೇಳದಿದ್ದರೂ ಅವನು ತೆಗೆಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಎಷ್ಟೋ ಜನರ ಕಾರ್ಡುಗಳನ್ನು ಸರಕ್ಕನೆ ಎಳೆದು ಬದಿಗೆ ಹಾಕಿದ ಕೈ ಇಲ್ಲಿ ಏಳಲಿಲ್ಲ. "ಇರ್ಲಿ ಬಿಡಮ್ಮ, ಅವನ ಜಾಗ ಅವನಿಗೆ" ಎಂದ. ಡಬ್ಬಿ ಮುಚ್ಚಿಟ್ಟ.

ಬೇರೆ ಗುಂಪಿನ ರಕ್ತ ಕೇಳಿಕೊಂಡು ಜನ ಬರುತ್ತಲೇ ಇದ್ದರು. ಕಡ್ಡಿ ತೂರಿಸುತ್ತಿದ್ದ, ಹೆಸರು ಹೇಳಿ ಕಳಿಸುತ್ತಿದ್ದ. ತಮ್ಮನ ಕಾರ್ಡು ಕಡ್ಡಿಯಲ್ಲಿ ತೂಗಾಡುತ್ತ ಮೇಲೆಯೇ ಉಳಿಯುತ್ತಿತ್ತು, ಓ ಗುಂಪು ಕೇಳಿದರೆ ಬೀಳುವ ಮೊದಲೇ ಬೆರಳಲ್ಲಿ ಹಿಡಿದುಬಿಡುತ್ತಿದ್ದ. ಹೊರಗಿನವರಿಗೆ ಇದ್ಯಾವುದೂ ತಿಳಿಯುತ್ತಿರಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ ಮಧ್ಯಾಹ್ನ ಸೂಲಿಬೆಲೆ ಕಡೆಯ ಆಂಜಿನಪ್ಪ ಎಂಬವನು ಏದುಸಿರು ಬಿಡುತ್ತ ಬಂದ. ಮಗಳಿಗೆ ಹೆರಿಗೆ ಕಷ್ಟವಾಗಿ ಬೆಂಗಳೂರಿಗೆ ಸೇರಿಸಿದ್ದರು. ರಕ್ತದ ಗುಂಪು ಬರೆದ ಚೀಟಿ ಬೆವರಿಗೆ ನೆನೆದಿತ್ತು. ಓ ನೆಗೆಟಿವ್.

"ನಮ್ಮಲ್ಲಿ ಇಲ್ಲಪ್ಪಾ" ಎಂದ ಅಪ್ಪಯ್ಯಣ್ಣ.

"ನೋಡ್ದೇನೇ ಇಲ್ಲ ಅಂತೀರಲ್ಲ ಸ್ವಾಮಿ! ನಿಮ್ ಡಬ್ಬಿ ನಂಬ್ಕೊಂಡು ಬಂದಿವ್ನಿ. ಒಂದ್ಸಲ ಆಡ್ಸಿ ನೋಡಿ, ನಿಮ್ ಕಾಲಿಗೆ ಬೀಳ್ತೀನಿ."

ಆ ಮುಖ ಅಪ್ಪಯ್ಯಣ್ಣನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಖಾಲಿ ಲಾರಿಯಲ್ಲಿ ಕೂತಿದ್ದವನ ಮುಖವೇ ಅದು. ನೋಡದೆ ನಂಬುವವನಲ್ಲ ಎನ್ನಿಸಿ ಡಬ್ಬಿ ತೆಗೆದ. ಎರಡನೆಯ ಸಲ ಕಡ್ಡಿ ಎತ್ತಿದಾಗ ಬೆರಳು ಜಾರಿತು, ಕಾರ್ಡು ನೆಲಕ್ಕೆ ಬಿತ್ತು.

"ಬಿತ್ತು! ಒಬ್ರು ಅವ್ರೆ!" ಎಂದು ಆಂಜಿನಪ್ಪ ಅದನ್ನು ಬಾಚಿಕೊಂಡ. ನಾಲ್ಕಕ್ಷರ ಕಲಿತವನು, ಹೆಸರು ಓದಿಕೊಂಡು ಬೀದಿಗೆ ಹಾರಿದ. "ಮುನಿವೆಂಕಟಪ್ಪನ ಮನೆ ಯಾವ್ದಪ್ಪಾ?" ಎಂದು ಕೂಗುತ್ತ ಓಡಿದ. ಆಡುತ್ತಿದ್ದ ಮಕ್ಕಳು ಕೈ ತೋರಿಸಿದವು. ಅಪ್ಪಯ್ಯಣ್ಣ ಕಡ್ಡಿ ಬಿಸಾಕಿ ಎದ್ದ. ಹಿಂದೆ ಹಿಂದೆ ಓಡಿದ.

ಸೊಣ್ಣಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಆಂಜಿನಪ್ಪ ಅವಳ ಮುಂದೆ ಕೈ ಮುಗಿದ.

"ಮುನಿವೆಂಕಟಪ್ನೋರು ಮನೇಲವ್ರಾ ತಾಯಿ? ಒಸಿ ಕರೀರಿ. ನನ್ ಮಗಳ ಜೀವ ಅವ್ರ ಕೈಲೈತೆ."

ಸೊಣ್ಣಮ್ಮ ಅವನ ಕೈಯಲ್ಲಿದ್ದ ಕಾರ್ಡು ನೋಡಿದಳು, ಅದರ ಮೇಲಿನ ಕಲೆ ನೋಡಿದಳು. ಬೇಲಿಯಾಚೆ ನಿಂತುಬಿಟ್ಟಿದ್ದ ಭಾವನನ್ನೂ ನೋಡಿದಳು. ಮೊರ ಕೆಳಗಿಟ್ಟಳು.

"ಇದ್ದಿದ್ರೆ ಬಂದಿರೋರಪ್ಪಾ" ಎಂದಳು. "ಉಣ್ತಾ ಕೂತಿದ್ರೂ ಕೈ ತೊಳ್ಕೊಂಡು ಎದ್ದಿರೋರು."

ಆಂಜಿನಪ್ಪನಿಗೆ ಅರ್ಥವಾಗಲಿಲ್ಲ. ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಮತ್ತೆ ಕೇಳಿದ. ಆಮೇಲೆ ಅವಳ ಬರೀ ಹಣೆ ಕಣ್ಣಿಗೆ ಬಿತ್ತು. ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಗಂಡಸು ಎನ್ನುವುದನ್ನೂ ಮರೆತು ಗೋಳೋ ಎಂದು ಅತ್ತ. ಒಂದು ಗಳಿಗೆ ಮಗಳು ಬದುಕಿದಳೆಂದು ನಂಬಿದ್ದವನು ಅವನು. ಆ ನಂಬಿಕೆಯನ್ನು ಕೈಗೆ ಕೊಟ್ಟವನು ತಾನೇ ಎಂದು ಅಪ್ಪಯ್ಯಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಗೇಟಿನ ಮುಂದೆ ಕಾಗದ ಹಿಡಿದು ನಿಂತಿದ್ದ ಹೆಂಗಸು ನೆನಪಾದಳು. ಅಂದು ಕೂಗಾಡಿದ್ದೂ ನೆನಪಾಯಿತು.

ಅವನು ಆಂಜಿನಪ್ಪನನ್ನು ಎಬ್ಬಿಸಿಕೊಂಡು ಬೆಂಗಳೂರಿಗೆ ಹೊರಟ. ಆಸ್ಪತ್ರೆಯಿಂದ ಆಸ್ಪತ್ರೆಗೆ, ಕಾಲೇಜು ಹಾಸ್ಟೆಲಿಗೆ, ಕಂಡವರನ್ನೆಲ್ಲ ಕೇಳುತ್ತ ತಿರುಗಿದ. ಕೊನೆಗೆ ಆ ರಕ್ತದ ಒಬ್ಬ ವಿದ್ಯಾರ್ಥಿ ಸಿಕ್ಕಿದ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆಂಜಿನಪ್ಪ ಅಪ್ಪಯ್ಯಣ್ಣನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಬೈದಿದ್ದರೆ ಅಪ್ಪಯ್ಯಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಭಾನುವಾರ ಸೊಣ್ಣಮ್ಮ ಬಂದಳು. ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ಭಾವನ ಎದುರೇ ಕೂತಳು. ಸೆರಗಿನೊಳಗಿಂದ ಕಾರ್ಡು ತೆಗೆದಳು. ಆಂಜಿನಪ್ಪ ಅದನ್ನು ಕಲ್ಲಿನ ಮೇಲೆ ಬಿಟ್ಟುಹೋಗಿದ್ದ.

"ಇದ್ನ ಇನ್ನು ಡಬ್ಬಿಗೆ ಹಾಕ್ಬೇಡಿ ಭಾವ. ಇನ್ನೊಬ್ರು ಬಂದು ಅವ್ರನ್ನ ಕರೀರಿ ಅಂದ್ರೆ ನನ್ ಕೈಲಾಗಲ್ಲ."

"ತಪ್ಪು ನಂದು ಕಣಮ್ಮ. ಅವತ್ತೇ ತೆಗೀಬೇಕಿತ್ತು."

"ಇರ್ಲಿ ಅಂದೋಳು ನಾನಲ್ವಾ?"

"ಅದು ನಿನ್ ಹತ್ರಾನೇ ಇರ್ಲಿ" ಎಂದ.

ಅವಳು ತಲೆಯಾಡಿಸಿದಳು. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, "ಈಗ ಆಡ್ಸಿದ್ರೆ?" ಎಂದಳು. "ಒಂದ್ಸಲ ಆಡ್ಸಿ ಭಾವ. ನಾನು ನೋಡ್ಬೇಕು."

ಬೇಡ ಎನ್ನಲು ಅವನಿಗೆ ಆಗಲಿಲ್ಲ. ಕಟ್ಟು ಜೋಡಿಸಿದ. ಓ ಗುಂಪಿಗೆ ಕಡ್ಡಿ ತೂರಿಸಿ ಎತ್ತಿದ, ಒಂದು ಹಿಡಿ ಬಿತ್ತು. ಅವನ್ನು ಜೋಡಿಸಿ ನೆಗೆಟಿವ್ ತೂತಿಗೆ ತೂರಿಸಿ ಎತ್ತಿ ಅಲುಗಿಸಿದ. ಏನೂ ಬೀಳಲಿಲ್ಲ. ಇನ್ನೊಮ್ಮೆ ಅಲುಗಿಸಿದ.

"ಯಾರೂ ಬೀಳ್ಲಿಲ್ಲ" ಎಂದಳು ಸೊಣ್ಣಮ್ಮ.

ಗಂಡ ಸತ್ತ ದಿನ ಗೋಡೆ ಹಿಡಿದು ನಿಂತವಳು, ಮಣ್ಣು ಮಾಡಿದಾಗಲೂ ಕಲ್ಲಿನಂತಿದ್ದವಳು, ಈಗ ಬರೀ ನೆಲವನ್ನು ನೋಡುತ್ತ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಡಿಗೆಮನೆಯಿಂದ ಮುನಿತಾಯಮ್ಮ ಬಂದು ಅವಳನ್ನು ತಬ್ಬಿಕೊಂಡಳು. ಅಪ್ಪಯ್ಯಣ್ಣ ಮಾತ್ರ ಕಡ್ಡಿಯನ್ನು ಹಾಗೇ ಎತ್ತಿ ಹಿಡಿದು ಕೂತಿದ್ದ. ಅದನ್ನು ಕೆಳಗಿಡುವುದು ಅವನಿಂದ ಆಗಲಿಲ್ಲ.