ಸಮ್ಮಟಿಗೆ ಹಿಡಿದ ಸಣ್ಣಮ್ಮ

ಗೆಳೆಯರೇ, ಇವತ್ತು ಅರಕಲಗೂಡಿನಲ್ಲಿ ಅಕ್ಕ ತಮ್ಮನ ಜಗಳದ ನಡುವೆ ಸಿಕ್ಕಿಕೊಂಡೆ. ಐವತ್ತು, ಅರವತ್ತರ ದಶಕದಲ್ಲಿ ಹೊಳೆನರಸೀಪುರದಲ್ಲಿ ಕುಲುಮೆ ನಡೆಸುತ್ತಿದ್ದ ಪುಟ್ಟಾಚಾರ್ ಬಗ್ಗೆ ನಾನು ಇಲ್ಲಿ ಬರೆಯುತ್ತಿರುವುದು ನಿಮಗೆ ಗೊತ್ತು. ಅವರು ಮಾಡಿದ ಬಾಚಿ, ಉಳಿಗಳನ್ನು ಈ ಕಡೆಯ ಬಡಗಿಗಳು ಇನ್ನೂ ಬಳಸುತ್ತಾರೆ. ಬರೆದದ್ದನ್ನು ಅರಕಲಗೂಡಿನ ಮನೆಯಲ್ಲಿ ಅವರ ಮಗಳು ಜಯಮ್ಮನವರಿಗೆ ಓದಿ ಹೇಳಿದೆ.

"ಸಂದಾಗೈತೆ ಸಾ. ಆದ್ರೆ ನಮ್ಮವ್ವ ಎಲ್ಲಿ?" ಎಂದರು. "ಅಪ್ಪ ಕಾದ ಕಬ್ಬಿಣ ಇಡ್ಕಂಡು ಕೂರೋರು. ಸಮ್ಮಟಿಗೆ ಎತ್ತಿ ಒಡೀತಿದ್ದೋಳು ಅವ್ವ, ಸಣ್ಣಮ್ಮ. ನಾನು ಒಟ್ಟೇಲಿದ್ದಾಗ್ಲೂ ಒಡೆದವ್ಳೆ."

ಪಕ್ಕದಲ್ಲಿದ್ದ ತಮ್ಮ ಶಿವಣ್ಣ ಸಿಡುಕಿದರು. "ಅದೆಲ್ಲ ಬರೀಬ್ಯಾಡಿ ಸಾ. ಎಂಡ್ರ ಕೈಲಿ ಸುತ್ತಿಗೆ ಒಡಿಸ್ತಿದ್ದ ಅಂತ ಜನ ಅಪ್ಪನ್ನ ಆಡ್ಕತಾರೆ."

"ಅವ್ಳು ಬೆವ್ರು ಸುರುಸ್ವಾಗ ಇಲ್ದಿದ್ದ ನಾಚ್ಕೆ ಈಗ ಎಲ್ಲಿಂದ ಬಂತ್ಲಾ?" ಜಯಮ್ಮನವರ ಕಣ್ಣು ತುಂಬಿತ್ತು.

ಶಿವಣ್ಣ ಎದ್ದು ಹೋಗಿ, ಅಟ್ಟದ ಮೇಲಿದ್ದ ಆ ಭಾರದ ಸುತ್ತಿಗೆಯನ್ನು ಇಳಿಸಿ ತಂದು ನನ್ನ ಮುಂದಿಟ್ಟರು. "ಬರ್ಕಳಿ ಸಾ. ಅವ್ವನ ಎಸ್ರು ಮೊದ್ಲು ಆಕಿ. ಊಟ ಮಾಡ್ಕಂಡೇ ಓಗ್ಬೇಕು ಕಣ್ರೀ."

ಅಕ್ಕ ತಮ್ಮ ಇಬ್ಬರಿಗೂ ನಾನು ಋಣಿ. ಅವರು ಜಗಳವಾಡದಿದ್ದರೆ ಅರ್ಧ ಚರಿತ್ರೆಯನ್ನೇ ಪೂರ್ತಿ ಎಂದು ನಿಮಗೆ ದಾಟಿಸಿಬಿಡುತ್ತಿದ್ದೆ. ಕೆಳಗಿನ ಫೋಟೋದಲ್ಲಿ ನಗುತ್ತಿರುವವರು ಅವರಿಬ್ಬರು. ನಡುವೆ ಹಲ್ಲು ಕಿರಿದು ನಿಂತಿರುವ ನಾನು ನಗುತ್ತಿಲ್ಲ, ಸಣ್ಣಮ್ಮನವರ ಸಮ್ಮಟಿಗೆಯನ್ನು ಎತ್ತಿ ಹಿಡಿದಿದ್ದೇನೆ.